ಸೋರುವ ಕಾಲುವೆ

ಈ ಸಿಮೆಂಟು ನಾನೇ ಬಳಿದದ್ದು.
ಮೂವತ್ತೊಂದು ವರ್ಷದ ಹಿಂದೆ, ಇದೇ ಆಂಡೀಸ್ ಇಳಿಜಾರಿನಲ್ಲಿ,
ಲಿಮಾದಿಂದ ಬಂದ ನಕ್ಷೆ ಒಂದು ಕೈಯಲ್ಲಿ, ಕರಣೆ ಇನ್ನೊಂದರಲ್ಲಿ.
ಹಸಿಯಿದ್ದಾಗಲೇ ಮೊಳೆಯಿಂದ ಗೀಚಿದ್ದೆ:
ಫೌಸ್ತೀನೋ, ಮೇಸ್ತ್ರಿ. ಕೆಳಗೆ ಇಸವಿ.
ಹನಿ ನೀರೂ ಸೋರದು ಎಂದು
ಊರ ಮುಂದೆ ಎದೆ ತಟ್ಟಿ ಹೇಳಿದ್ದೆ.
ಸೋರಲಿಲ್ಲ.
ತಪ್ಪಾದದ್ದು ಅದೇ.

ಅಜ್ಜಂದಿರ ಕಾಲುವೆ ಬರಿಗಲ್ಲು, ಸಂದುಸಂದಿಗೂ ಹುಲ್ಲು,
ನೂರು ಮಾರು ಹೋಗುವಷ್ಟರಲ್ಲಿ ಅರ್ಧ ನೀರು ಮಾಯ.
ನಮಗದು ಮುದುಕರ ಸೋಮಾರಿತನದಂತೆ ಕಂಡಿತ್ತು.
ಎಲೂತೇರಿಯಾ ಒಬ್ಬಳೇ ಅಂದಳು ಅಂದು,
ಬೆನ್ನ ಮೇಲಿನ ಆಲೂಗಡ್ಡೆ ಮೂಟೆ ಇಳಿಸದೆಯೇ:
‘ಹರಿಯುವುದಕ್ಕಲ್ಲ ಮಗಾ ಅದನ್ನು ಕಟ್ಟಿದ್ದು,
ಇಂಗುವುದಕ್ಕೆ.
ಬೀಜ ಚೀಲದಲ್ಲೇ ಉಳಿದರೆ ಯಾವ ಹೊಲ ಬೆಳೆದೀತು?’
ನಕ್ಕೆವು. ಕೂಲಿ ಸಿಕ್ಕಿತ್ತು, ನಗುವುದು ಸುಲಭವಿತ್ತು.

ಮೊದಲು ನರಿಯೊರತೆ ಬತ್ತಿತು.
ಆಮೇಲೆ ಹೆರಿಗೆಯೊರತೆ. ಹುಟ್ಟಿದ ದಿನ
ಅದರ ನೀರಲ್ಲೇ ನನ್ನ ಮೈ ತೊಳೆದಿದ್ದರಂತೆ.
ಮಳೆಗಾಲದ ನೀರು ನನ್ನ ನುಣುಪಿನ ಮೇಲೆ ಜಾರಿ
ಮಾರ್ಚ್ ಮುಗಿಯುವ ಮೊದಲೇ ಸಮುದ್ರ ಸೇರುತ್ತಿತ್ತು,
ಆಗಸ್ಟಿನಲ್ಲಿ ಹಸುಗಳು ಒಣ ತೊಟ್ಟಿ ನೆಕ್ಕುತ್ತಿದ್ದವು.
ಮೇಲೆ ಹಿಮದ ಟೋಪಿ ವರ್ಷ ವರ್ಷ ಕುಗ್ಗುತ್ತಿತ್ತು.
ಅದಕ್ಕೆ ನಾನು ಕಾರಣನಲ್ಲ.
ಇದಕ್ಕೆ ಹೌದು.

ಹೋದ ವರ್ಷ ದೆಲ್ಸಿ ಬಂದಳು, ನೀರಿನ ಶಾಸ್ತ್ರ ಓದಿದವಳು.
ನಕ್ಷೆ ಬಿಚ್ಚಲಿಲ್ಲ. ಎಲೂತೇರಿಯಾಳ ಒಲೆಯ ಪಕ್ಕ
ಮೂರು ದಿನ ಕೂತು ಸಿಪ್ಪೆ ಸುಲಿಯುತ್ತ ಬರೆದುಕೊಂಡಳು:
ಯಾವ ಕಾಲುವೆಗೆ ಯಾವ ಒರತೆ ಮಗಳು,
ಎಷ್ಟು ವಾರದ ಬಸಿರು.

ಸುತ್ತಿಗೆಯನ್ನು ಮೊದಲು ನನ್ನ ಕೈಗೇ ಕೊಟ್ಟರು.
ಹನ್ನೊಂದು ದಿನ ಹಿಡಿಯಿತು ಒಡೆಯಲು.
ನಾಚಿಕೆಯ ನಡುವೆ ಚೂರು ಹೆಮ್ಮೆ, ಸುಳ್ಳೇಕೆ ಹೇಳಲಿ.
ಅಡಿಯಲ್ಲಿ ಅಜ್ಜಂದಿರ ಕಲ್ಲು ಇಟ್ಟಲ್ಲೇ ಇತ್ತು.
ಮಕ್ಕಳು ಹುಲ್ಲುಹೆಂಟೆ ತಂದು ಸಂದಿಗೆ ತುರುಕಿದರು,
ಬಿಗಿಯಾಗಿ ಅಲ್ಲ,
ಬೆರಳು ಆಡುವಷ್ಟು ಸಡಿಲ.

ಕೋಕಾ ಎಲೆ ಇಟ್ಟೆವು, ಜೋಳದ ಕಳ್ಳು ಚೆಲ್ಲಿದೆವು,
ದೆಲ್ಸಿ ಮೊದಲ ಮಳೆನೀರಿಗೆ ಗುಲಾಬಿ ಬಣ್ಣ ಸುರಿದಳು.
ನೀರು ಬೆಟ್ಟದೊಳಗೆ ಹೋಯಿತು.
ಹೋಯಿತು, ಅಷ್ಟೆ.

ಆರು ವಾರ. ಏಳು.
ದಿನಾ ಬೆಳಿಗ್ಗೆ ಹೋಗಿ ಒರತೆಯ ಬಾಯಿ ನೋಡುತ್ತಿದ್ದೆ,
ಸಾಲಗಾರನ ಬಾಗಿಲಲ್ಲಿ ನಿಂತ ಹಾಗೆ.
ಒಂದು ಕಪ್ಪೆ ನನ್ನನ್ನೂ ನೋಡುತ್ತಿತ್ತು.

ಎಂಟನೆಯ ವಾರ ಸುದ್ದಿ ಹತ್ತಿ ಬಂತು ಕೆಳಗಿನಿಂದ.
ಯಂತಾಮಾ ಊರಿನ ಸೆನೋವಿಯಾ, ಕೈಯಲ್ಲಿ ಗುಲಾಬಿ ಹಾಸುಬಟ್ಟೆ,
ನಿನ್ನೆಯವರೆಗೂ ಬಿಳಿಯಿತ್ತಂತೆ.
ಆ ಊರಿಗೂ ನಮಗೂ ಗಡಿಯ ವ್ಯಾಜ್ಯ,
ನಾನು ಮದುವೆಯಾಗುವ ಮೊದಲಿನಿಂದ.
ಬೈಯಲೆಂದೇ ಬಂದಿದ್ದಳು, ಚೆನ್ನಾಗಿಯೇ ಬೈದಳು.
‘ಬಣ್ಣ ಸ್ವಲ್ಪ ಜಾಸ್ತಿಯಾಯಿತು’ ಎಂದಳು ದೆಲ್ಸಿ, ನೆಲ ನೋಡುತ್ತ.
ಎಲೂತೇರಿಯಾ ಬಟ್ಟೆ ಮುಟ್ಟಿದಳು, ಮೂಸಿದಳು.
‘ಅಷ್ಟು ದೂರವೇ! ನಮ್ಮಜ್ಜಿ ಇದನ್ನು ಹೇಳಿರಲಿಲ್ಲ.’
ಆಮೇಲೆ ದೆಲ್ಸಿಗೆ, ‘ಬರಕೋ.’

ಈ ಸಲ ಹೂಳೆತ್ತುವ ದಿನ
ಯಂತಾಮಾದಿಂದ ಹತ್ತೊಂಬತ್ತು ಗುದ್ದಲಿ ಬಂದವು.
ಊಟಕ್ಕೆ ಬೇರೆಯೇ ಕೂತರು. ಕೇಸು ಇನ್ನೂ ನಡೆದಿದೆ.
ಅವರಲ್ಲೊಬ್ಬ ಹುಡುಗ ಕಲ್ಲು ಜೋಡಿಸುವುದ ಕಂಡು
ತಡೆಯಲಾಗದೆ ಹೋಗಿ ಹೇಳಿಕೊಟ್ಟೆ:
ಸಂದು ಬಿಡಪ್ಪ, ಇನ್ನೂ ಸ್ವಲ್ಪ ಬಿಡು.

ಹೆರಿಗೆಯೊರತೆ ಒಣಗಿಯೇ ಇದೆ.
ನರಿಯೊರತೆಯ ಸುತ್ತ ಮಣ್ಣು ಒದ್ದೆ,
ಅದರ ಮೇಲೆ ಹೆಜ್ಜೆಗುರುತು, ನರಿಯದೋ ನಾಯಿಯದೋ.

ನನ್ನ ಹೆಸರಿದ್ದ ತುಂಡನ್ನು ಎಲೂತೇರಿಯಾ ಹೊತ್ತೊಯ್ದು
ಚೀಸಿನ ಅಚ್ಚಿನ ಮೇಲೆ ಹೇರಿದ್ದಾಳೆ.
ಭಾರ ಸರಿಯಾಗಿದೆ ಅಂದಳು.
ನಿನ್ನೆ ರಾತ್ರಿ ಅವಳ ಅಂಗಳದಲ್ಲಿ ಕೂತಿದ್ದೆ.
ಇಸವಿಯ ಅಡಿಯಿಂದ, ಮೇಸ್ತ್ರಿಯ ಅಡಿಯಿಂದ,
ಹನಿ
ಹನಿ, ಬೋಗುಣಿಗೆ
ಸೋರುತ್ತಲೇ ಇತ್ತು.