ಹೆಚ್ಚುಕಮ್ಮಿ

ಸೇಡಮ್ಮಿನ ಆಚೆ, ಕಾಗಿಣಾ ಸೇರುವ ಹಳ್ಳ.
ನಕ್ಷೆಯಲ್ಲಿ ಒಂದು ನೀಲಿ ಕೂದಲು, ಹೆಸರಿಲ್ಲ.
ಊರವರೂ ಬರೀ 'ಹಳ್ಳ' ಅನ್ನುತ್ತಾರೆ.
ಒಬ್ಬಳೇ ಸೊಸೆಯಿರುವ ಮನೆಯಲ್ಲಿ ಹೆಸರು ಹಿಡಿದು ಕರೆಯುವವರು ಯಾರು?

ಅಳತೆಪಟ್ಟಿ ಇರಬೇಕಿದ್ದ ಕಡೆ
ಎರಡು ಬೋಲ್ಟು, ತುಕ್ಕಿನದೊಂದು ಗೆರೆ.
ಪಟ್ಟಿ ಸಂಜೆಗೆ ಸಿಕ್ಕಿತು
ಆಡಿನ ದೊಡ್ಡಿಯ ಬಾಗಿಲಲ್ಲಿ;
ಎರಡು ಮೀಟರಿನ ಅಂಕಿಗಳು ಅಡ್ಡಡ್ಡ ಮಲಗಿದ್ದವು,
ಮರಿಗಳು ದಾಟದ ಹಾಗೆ.

ರುಕ್ಮೋದ್ದೀನನ ದಫ್ತರ ತಿರುವಿದೆ.
ಬೆಳಿಗ್ಗೆ ಎಂಟು, ಸಂಜೆ ಐದು.
ಮೊದಲ ಮೂರು ವರ್ಷ ಅಂಕಿಗಳಿಗೆ ಉಸಿರಿದೆ,
ಏರುತ್ತವೆ, ಇಳಿಯುತ್ತವೆ,
ಒಂದು ಪುಟದಲ್ಲಿ ಕೆಸರಿನ ಹೆಬ್ಬೆಟ್ಟೂ ಇದೆ.
ಆಮೇಲೆ ಪಗಾರ ನಿಂತಿರಬೇಕು.
ನಾಲ್ಕು ತಿಂಗಳು ಒಂದೇ ಶಾಯಿ, ಒಂದೇ ಕೂತ ಕೂರು,
ಸೊನ್ನೆ ದಶಾಂಶ ನಾಲ್ಕು, ಸೊನ್ನೆ ದಶಾಂಶ ನಾಲ್ಕು.
ನಡು ಮಳೆಗಾಲದಲ್ಲಿ ಅಲುಗದೆ ನಿಂತ ಹಳ್ಳ!
ಕೊನೆಗೊಂದು ಅಡ್ಡಗೆರೆ. ಅಲ್ಲಿಂದ ಖಾಲಿ.
ಸೋಮಾರಿ, ಅಂದುಕೊಂಡೆ.

"ಪಕ್ಕದ ಹಳ್ಳದ ಲೆಕ್ಕ ತಂದು ಹಾಕಮ್ಮ,"
ಕಲಬುರಗಿಯ ಆಫೀಸಿನಲ್ಲಿ ಹೇಳಿ ಕಳಿಸಿದ್ದರು,
ಮೊಸರು ಮುಗಿದಾಗ ನೆರೆಮನೆಯ ಹೆಪ್ಪು ತರುವಂತೆ.
ತಂದೆ, ಬೆರೆಸಿದೆ, ಮುಚ್ಚಿಟ್ಟೆ.
ಆದರೆ ಅವರ ಹಾಲೇ ಬೇರೆ.
ಅಲ್ಲಿ ಆಳದ ಎರೆಮಣ್ಣು, ಬಿರುಕು ತುಂಬುವ ತನಕ
ಒಂದು ಹನಿ ಆಚೆ ಬಿಡದು.
ಇಲ್ಲಿ ತೊಗರಿಯ ಬೇರಿಗೆ ಮೊಳದ ಕೆಳಗೇ ಹಾಸುಬಂಡೆ,
ಬಿದ್ದ ಮಳೆ ಬಿದ್ದಲ್ಲೇ ಎದ್ದು ಓಡುತ್ತದೆ,
ಇಲ್ಲವೇ ಸೀಳಿನಲ್ಲಿ ಕಾಣೆಯಾಗಿ
ತಿಂಗಳಾದ ಮೇಲೆ ಬಿಟ್ಟುಹೋದ ಗಣಿಯಲ್ಲಿ
ಹಸಿರಾಗಿ ಕೂತಿರುತ್ತದೆ.
ಲೆಕ್ಕ ಹೆಪ್ಪುಗಟ್ಟಲಿಲ್ಲ. ಒಡೆಯಿತು.

ಜೋಳದ ದಂಟು ಗೇಣುದ್ದ ಕತ್ತರಿಸಿ ನೀರಿಗೆ ಬಿಟ್ಟೆ.
ಇಪ್ಪತ್ತು ಮೀಟರು, ಮೂವತ್ತೊಂದು ಸೆಕೆಂಡು.
ಮೇಲಿನ ನೀರನ್ನು ಪೂರ್ತಿ ನಂಬಬಾರದು,
ನೂರರಲ್ಲಿ ಎಂಬತ್ತೈದು ಹಿಡಿಯಬೇಕು;
ಅಡಿಯ ನೀರು ಕಲ್ಲು ತಡವಿಕೊಂಡು ಬರುತ್ತದೆ.
ನಾನು ಜನರ ಮಾತನ್ನೂ ಹೀಗೇ ಗುಣಿಸುತ್ತ ಬಂದವಳು.

"ಏನ್ ಅಳೀಲತ್ತೀರಿ ಅಕ್ಕೋರೆ?
ನೀರು ಹೋಗೇ ಬಿಟ್ಟದಲ್ಲ?"
ಬಟ್ಟೆ ಸೆಳೆಯುತ್ತಿದ್ದ ಮೋನಮ್ಮ.
ಅತಿ ದೊಡ್ಡ ಹೊಳೆ ಎಲ್ಲಿ ತನಕ ಬಂದಿತ್ತು, ಕೇಳಿದೆ.
ಕೈಯ ನೊರೆ ಸೀರೆಗೆ ಒರೆಸಿ ಪಾವಟಿಗೆ ಏರಿದಳು,
ಒಂದು ಪರಸಿ ಕಲ್ಲು ಮುಟ್ಟಿದಳು.
"ನಮ್ಮತ್ತಿ ಇಲ್ಲಿ ಸೀರಿ ಒಣಾಕಿದ್ದಳ್ರಿ.
ತುದಿ ಅಷ್ಟೇ ತೊಯ್ದಿತ್ತು. ಸೀರಿ ಹೋಗ್ಲಿಲ್ಲ."
ಯಾವ ವರ್ಷ?
"ನಮ್ಮ ಸಣ್ಣಾಕಿ ಮೊಲಿ ಬಿಟ್ಟ ವರ್ಷ."

ಉಪಕರಣ ಹೂಡಿದೆ, ಗುಳ್ಳೆ ನಡುವಿಗೆ ಬಂತು, ಕಣ್ಣಿಟ್ಟೆ.
ಆಚೆ ದಂಡೆಯ ದರ್ಗಾದ ಹಿಂಗೋಡೆಯಲ್ಲಿ
ಸುಣ್ಣದಡಿ ಮಸುಕಾದ ಮಣ್ಣಿನ ಗೆರೆ.
ಅದಕ್ಕೂ ಅವಳ ಕಲ್ಲಿಗೂ ನಾಲ್ಕು ಬೆರಳಿನ ಅಂತರ.
ನನ್ನ ಹೆಪ್ಪಿನ ಲೆಕ್ಕ ತಪ್ಪಿದ್ದು
ಒಂದು ಆಳು.

"ಅವತ್ತ ರಾತ್ರಿ ರುಕ್ಮೋದ್ದೀನ ಇಲ್ಲೇ ಕುಂತಿದ್ದ,
ಬ್ಯಾಟ್ರಿ ಹಿಡಕೊಂಡು.
ಪಟ್ಟಿನೇ ಮುಳುಗಿತ್ತು. ಏನ್ ಬರೀತಾನ, ಪಾಪ."

ಅಡ್ಡಗೆರೆಯನ್ನು ಮತ್ತೆ ನೋಡಿದೆ.
ಕಾಗದ ಸಣ್ಣಗೆ ಉಬ್ಬಿತ್ತು ಅಲ್ಲಿ.

ವರದಿಯಲ್ಲಿ ಅಂಕಿಯ ಪಕ್ಕ ಒಂದು ಗುರುತು ಹಾಕುತ್ತೇವೆ,
ಕೂಡಿಸುವ ಗೆರೆಯ ಕೆಳಗೆ ಕಳೆಯುವ ಗೆರೆ.
ಮೋನಮ್ಮನಿಗೆ ತೋರಿಸಿದೆ. "ಹೆಚ್ಚುಕಮ್ಮಿ ಅನ್ರಿ," ಅಂದಳು,
ಕೊಡ ಎತ್ತಿಕೊಂಡಳು.

ಸಿಮೆಂಟಿನ ಧೂಳು ಕೂತ ಕೊನೆಯ ಬಸ್ಸಿನಲ್ಲಿ
ಮೊಣಕಾಲ ಮೇಲೆ ತಖ್ತೆ ತುಂಬಿದೆ.
ಗರಿಷ್ಠ ಹರಿವು: ಬರೆದೆ. ಗುರುತು: ಹಾಕಿದೆ.
ಆಧಾರ ಎಂಬ ಕಾಲಮ್ಮು ಉಳಿದಿತ್ತು.
ನಾಳೆ ಕೇಳುತ್ತಾರೆ, ಕೇಳಲಿ.
ಸೀರೆಯ ತುದಿ, ಬರೆದೆ,
ಒದ್ದೆ.