ಕಾರಣ ಮೂರು

ಬುರ್ಸಾ ಊರಿನ ಈ ಕಾರ್ಖಾನೆಯಲ್ಲಿ
ಯಾವ ಕೆಲಸ ಯಾವ ಯಂತ್ರಕ್ಕೆ ಎಂದು
ಹೇಳುವವಳು ನಾನು.
ನಾನೂ ಅಲ್ಲ, ತಂತ್ರಾಂಶ.
ಅದು ಹೇಳಿದ್ದಕ್ಕೆ ಹೂಂ ಅನ್ನುವವಳು.

ಎಡಕ್ಕೆ ಯಂತ್ರಗಳು, ಒಂದರಿಂದ ಹನ್ನೊಂದು.
ಮೇಲೆ ಗಂಟೆಗಳು.
ನಡುವೆ ಬಣ್ಣದ ಇಟ್ಟಿಗೆ ಜೋಡಿಸಿದ ಹಾಗೆ
ಸ್ಟೀರಿಂಗಿನ ಬುಶ್ಶು, ಪಂಪಿನ ದಂಡ,
ಯಾವುದೋ ಟ್ರ್ಯಾಕ್ಟರಿನ ಹೆಸರಿಲ್ಲದ ಉಂಗುರ.
ಒಂದನ್ನು ಎಳೆದು ತುರುಕಿದರೆ ಉಳಿದವು
ಬಸ್ಸಿನ ಜನರಂತೆ ಗೊಣಗದೆ ಸರಿದು ಕೂರುತ್ತವೆ.

ನಾಲ್ಕನೇ ಲೇತು ಸಫ್ಫೆತ್ ಉಸ್ತಾನದು.
ಹತ್ತೊಂಬತ್ತು ವರ್ಷಕ್ಕೆ ಹೆಸರಿಗೇ ಅಂಟಿಕೊಂಡ ಉಸ್ತಾ.
ಮೂರರ ಮೇಲೆ ಬಿಗಿ ಅಳತೆಯ ಕೆಲಸ ಹಾಕಬೇಡ, ಅಂದ.
ಯಾಕೆ?
ಪಡುವಣ ಕಿಟಕಿಗೆ ಬೆರಳು ತೋರಿಸಿದ.
ಬಿಸಿಲು ಒಳಗಿಳಿದು ಲೇತಿನ ಮೈಮೇಲೆ
ಸಾಕಿದ ಬೆಕ್ಕಿನಂತೆ ಉದ್ದಕ್ಕೆ ಮಲಗುತ್ತದೆ.
ಕಬ್ಬಿಣವೂ ಹಿಗ್ಗುತ್ತದೆ ಮಗಳೇ, ಸಂತೋಷಕ್ಕಲ್ಲ,
ಕೂದಲೆಳೆಯ ಕಾಲು ಪಾಲು. ಅಷ್ಟು ಸಾಕು
ಇಡೀ ಪೆಟ್ಟಿಗೆ ಮಾಲು ಗುಜರಿಗೆ ಹೋಗಲು.

ತಂತ್ರಾಂಶಕ್ಕೆ ಹೇಳಹೋದೆ.
ಯಂತ್ರ ಸಿಗದಿರಲು ಕಾರಣ ಆರಿಸಿ, ಎಂದಿತು.
ಒಂದು, ಕೆಟ್ಟಿದೆ. ಎರಡು, ಮಾಲು ಬಂದಿಲ್ಲ.
ಮೂರು, ನಡೆಸುವವರಿಲ್ಲ. ನಾಲ್ಕು, ಕರೆಂಟಿಲ್ಲ.
ಬಿಸಿಲು ಪಟ್ಟಿಯಲ್ಲಿ ಇರಲಿಲ್ಲ.
ಕೆಟ್ಟಿದೆ ಎಂದರೆ ರಿಪೇರಿಯವರು ಸ್ಪ್ಯಾನರ್ ಹಿಡಿದು ಓಡಿ ಬರುತ್ತಾರೆ.
ಮಾಲಿಲ್ಲ ಎಂದರೆ ಉಗ್ರಾಣದ ಫೆರ್ಹುಂದೆ ಜಗಳಕ್ಕೆ ಬರುತ್ತಾಳೆ.
ಕರೆಂಟಿಲ್ಲ ಎನ್ನಲು ತಲೆಯ ಮೇಲೆ ದೀಪ ಉರಿಯುತ್ತಿದೆ.
ಯಾರಿಗೂ ತೊಂದರೆಯಿಲ್ಲದ್ದು ಮೂರು.
ಜೂನ್ ಪೂರ್ತಿ, ದಿನಾ ಮೂರು ಗಂಟೆಗೆ, ಮೂರು ಒತ್ತಿದೆ.

ಬಿಗಿ ಕೆಲಸ ಒಂಬತ್ತಕ್ಕೆ ಹೋಯಿತು.
ನಾಲ್ಕರಲ್ಲಿ ಉಸ್ತಾ ಒರಟು ತುಂಡುಗಳ ಸಿಪ್ಪೆ ಸುಲಿದ.
ಹೊಸ ಹುಡುಗ ಒರ್ಕುನ್‌ನ ಮಣಿಕಟ್ಟು ಹಿಡಿದು
ಉಳಿ ಮಸೆಯುವುದು ಕಲಿಸಿದ.
ಕಾಲ ಬುಡದಲ್ಲಿ ನೀಲಿ ಸುರುಳಿ ಸುರುಳಿ ಚೂರು,
ಹತ್ತಿರದ ಕಟ್ಟೆಯ ಮೇಲೆ ಆರಿದ ಚಹಾ.

ಜುಲೈಯಲ್ಲಿ ಸಂಬಳದ ವಿಭಾಗದಿಂದ ಹಾಳೆ ಬಂತು.
ಗೈರುಹಾಜರಿ: ಇಪ್ಪತ್ತೆರಡು ದಿನ, ದಿನಕ್ಕೆ ಮೂರು ಗಂಟೆ.
ಬೋನಸ್ಸು ಇಲ್ಲ.
ಉಸ್ತಾ ಹಾಳೆಯನ್ನು ತೋಳುದ್ದ ದೂರ ಹಿಡಿದು ಓದಿದ.
"ನಾನು ಎಲ್ಲಿಗೆ ಹೋಗಿದ್ದೆನಂತೆ?"
ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಅಳಿಸಲು ಕೂತೆ. ತಂತ್ರಾಂಶ ಅಳಿಸುವುದಿಲ್ಲ,
ಹಣೆಬರಹದ ಹಾಗೆ.
ಇಲ್ಲ ಎಂದು ಬರೆದಿದ್ದರೆ ಅದರ ಕೆಳಗೇ
ಇನ್ನೊಂದು ಸಾಲು ಸೇರಿಸಿ ಇದ್ದ ಎನ್ನಬೇಕು.
ಹಾಗೆ ಒಂದೊಂದೇ ದಿನಕ್ಕೆ ಬರೆದೆ:
ಇದ್ದ.
ಇದ್ದ.
ಇದ್ದ.
ಹದಿನೇಳನೇ ತಾರೀಕಿಗೆ ಬಂದಾಗ ಕೈ ನಿಂತಿತು.
ಅವತ್ತು ಕರವಸ್ತ್ರದಲ್ಲಿ ಹಿಪ್ಪುನೇರಳೆ ಹಣ್ಣು ಕಟ್ಟಿ ತಂದು
ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದ.
ಕೀಲಿಮಣೆಯ ಒಂದು ಮೂಲೆ ಈಗಲೂ ನೇರಳೆ.
ಅದನ್ನು ತಿನ್ನುತ್ತಲೇ ನಾನು
ಅವನಿಲ್ಲ ಎಂದು ಒತ್ತಿರಬೇಕು.

ಸಂಗತಿ ತಿಳಿದ ಮ್ಯಾನೇಜರು
ಒಂದು ಪರದೆ ಕಟ್ಟಿಸಬಾರದಿತ್ತೆ, ಎಂದರು.
ದಪ್ಪ ಬಟ್ಟೆ, ನಾಲ್ಕು ಕೊಂಡಿ, ಅರ್ಧ ಗಂಟೆಯ ಕೆಲಸ.
ಹತ್ತೊಂಬತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ,
ಉಸ್ತಾನಿಗೂ.
ಅಥವಾ ಹೊಳೆದಿತ್ತೋ ಏನೋ.

ಈಗ ನಾಲ್ಕರ ಸಾಲು ಬೆಳಗಿನಿಂದ ಸಂಜೆಯವರೆಗೆ
ಒಂದು ಬಿರುಕೂ ಇಲ್ಲದ ಹಸಿರು.
ಹಿಗ್ಗುವುದು ಬರುತ್ತಿದ್ದರೆ ತಂತ್ರಾಂಶ ಹಿಗ್ಗಿರುತ್ತಿತ್ತು.
ಒರ್ಕುನ್‌ನ ಉಳಿ ಅರ್ಧ ಮಸೆದಲ್ಲಿಗೇ ನಿಂತಿದೆ.

ನಿನ್ನೆ ಉಸ್ತಾ ನನ್ನ ಗಾಜಿನ ಬಾಗಿಲು ತಟ್ಟಿ
ಗಂಟೆ ಎಷ್ಟಾಯಿತು, ಕೇಳಿದ.
ಗಡಿಯಾರ ಅವನ ಬೆನ್ನ ಹಿಂದೆಯೇ ಇತ್ತು.
ಮೂರೂ ಹತ್ತು, ಅಂದೆ.
ಪರದೆಯ ಕಡೆ ಒಮ್ಮೆ ನೋಡಿದ,
ಕಿಟಕಿಯದೋ, ನನ್ನ ಮೇಜಿನದೋ,
ತಿಳಿಯಲಿಲ್ಲ.