ಕೊಸರು

ಭಾಗಮ್ಮನ ಹತ್ರ ಕಬ್ಬಿಣದ ತೂಕ ಇದ್ದಿಲ್ಲ.
ಶಹಾಬಾದಿ ಪರಸಿಯ ಒಂದು ಚೂರು,
ಗಂಡ ಖಾಣಿಗೆ ಹೋಗ್ತಿದ್ದಾಗ ಕಡೆದು ತಂದದ್ದು,
ಸೇಡಂ ಸಂತ್ಯಾಗ ಅರ್ಧ ಕೇಜಿ ಅಂದ್ರ ಅದು.
ಮೂವತ್ತು ವರ್ಷ ಊರು
ಆ ಕಲ್ಲಿನ ಲೆಕ್ಕದಾಗೇ ಉಳ್ಳಾಗಡ್ಡಿ ತಿಂತು.

ನಾ ಲಾಡ್ಲೇಸಾಬ. ತಕ್ಕಡಿ ರಿಪೇರಿ ಲೈಸೆನ್ಸ್ ನಂದು,
ಬಸ್ ಸ್ಟ್ಯಾಂಡ್ ಹಿಂದ ತಗಡಿನ ಅಂಗಡಿ.
ವರ್ಷಕ್ಕೊಮ್ಮೆ ಸಾಹೇಬರ ಜೀಪು ಬರ್ತದ,
ಗಂಜಿನ ತೂಕ ಎಲ್ಲಾ ಬೋರಲ ಹಾಕಿ ಸಾಲಾಗಿ ಇಡ್ತೀನಿ.
ಬುಡಕ ಒಂದು ತೂತು, ತೂತಿನಾಗ ಸೀಸ,
ಸೀಸದ ಮ್ಯಾಗ ಛಾಪಿನ ಒಂದು ಪೆಟ್ಟು.
ಸರ್ಕಾರ ಅಂತ ನಾ ಹತ್ತಿರದಿಂದ ಕಂಡದ್ದು ಇಷ್ಟೇ:
ಅಷ್ಟು ಕಬ್ಬಿಣದಾಗ
ಗುರುತು ಹಿಡಿಯುವ ಒಂದು ಮೆತ್ತನ್ನ ಜಾಗ.

ಆ ಸಲ ಸಾಹೇಬರು ಕಾಯಿಪಲ್ಯಾ ಸಾಲಿಗೂ ಬಂದರು.
'ಇದಕ್ಕ ಛಾಪ ಎಲ್ಲದ?'
'ಮಂದಿ ಬಾಯಾಗ ಅದರಿ.'
ನನ್ನ ಕರೆದು ತೂಗಿಸಿದರು.
ಐನೂರಾ ಇಪ್ಪತ್ತೆರಡು.
ಇಪ್ಪತ್ತೆರಡು ಗ್ರಾಂ, ಮೂವತ್ತು ವರ್ಷ,
ಕೊಟ್ಟಾಕಿಗೆ ಗೊತ್ತಿಲ್ಲ, ತಿಂದವರಿಗೆ ಗೊತ್ತಿಲ್ಲ.
'ಹೆಚ್ಚಿದ್ರೂ ತಪ್ಪೇ' ಅಂದರು ಸಾಹೇಬರು,
ಪೆನ್ನಿನ ಟೋಪಿ ತೆಗೆದರು.

ಆಗ ಬ್ಯಾಳಿ ಅಂಗಡಿ ಸಂಗಶೆಟ್ಟಿ ಸಾವಕಾರ
ಕಟ್ಟಿ ಇಳಿದು ಬಂದ.
'ಬಜಾರಿನಾಗ ಸರ್ಕಾರಕ್ಕೇನು ಕೆಲಸರಿ?
ಮೋಸ ಮಾಡಿದವನ ಕಡಿ ನಾಳೆ ಗಿರಾಕಿ ಬರಂಗಿಲ್ಲ.
ವ್ಯಾಪಾರ ತಾನೇ ತನ್ನ ತಪ್ಪು ತಿದ್ಕೋತದ.'
ಮಂದಿ ಚಪ್ಪಾಳಿ ಹೊಡೀತು.
ಮಾತು ಖರೇನೇ ಇತ್ತು.
ಆಡಿದ ಬಾಯಿ ಯಾವುದಂತ ನನಗ ಗೊತ್ತಿತ್ತು,
ನಾ ತಲಿ ಎತ್ತಲಿಲ್ಲ.

ಯಾಕಂದ್ರ ನಾಕು ವರ್ಷದ ಹಿಂದ ಒಂದು ರಾತ್ರಿ,
ಶಟರ್ ಅರ್ಧ ಇಳಿಸಿ,
ಅವನ ಐದು ಕೇಜಿ ತೂಕಕ್ಕ ಬದಿಯಿಂದ ಬೈರಿಗಿ ಹಾಕಿ
ನಲವತ್ತು ಗ್ರಾಂ ಸೀಸ ತೆಗದೀನಿ.
ಛಾಪ ಕೆಡಲಿಲ್ಲ. ತೂತಿಗೆ ಮೇಣ, ಮೇಣಕ್ಕ ಮಸಿ.
ಮುನ್ನೂರು ರೂಪಾಯಿ.
ಅಡಚಣಿ ಇತ್ತು ಅನ್ನಂಗಿಲ್ಲ, ಇದ್ದಿಲ್ಲ.
ಕೇಳಿದ, ಕೊಟ್ಟ, ಮಾಡಿದೆ.

ಸಿಮೆಂಟ್ ಫ್ಯಾಕ್ಟರಿಗೆ ಬಂದ ಬಿಹಾರದ ಹುಡುಗ,
ಪಿಂಟು ಅಂತ, ನೀಲಿ ಹೆಲ್ಮೆಟ್ ಕಂಕುಳಾಗ,
ಭಾಗಮ್ಮನ ಕಲ್ಲು ಕಂಡರ ಮುಂದ ಹೋಗ್ತಿದ್ದ.
ಆಕಿ ಎಂಥಾಕಿ ಅಂತ ಅವನಿಗ್ಯಾರು ಹೇಳಬೇಕು?
ಊರಿನ ಬಾಯಿ ಅವನ ಭಾಷಾದಾಗ ಇಲ್ಲ.
ಅವನು ಓದಬಲ್ಲದ್ದು ಛಾಪ ಒಂದೇ.
ಅದಕ್ಕೇ ಅವನು ಸಾವಕಾರನ ಹತ್ರ ಬ್ಯಾಳಿ ಒಯ್ತಿದ್ದ,
ವಾರಕ್ಕ ಐದು ಕೇಜಿ, ಕೋಣಿಯ ಎಂಟು ಮಂದಿಗೆ,
ನಾ ಟೊಳ್ಳು ಮಾಡಿದ ನಂಬಿಕಿ ಎಣಿಸಿ ರೊಕ್ಕ ಕೊಟ್ಟು.

ದಂಡ ಭಾಗಮ್ಮ ಕಟ್ಟಿದಳು. ಕಲ್ಲು ಜೀಪಿನಾಗ ಹೋಯಿತು.
ಅವತ್ತು ರಾತ್ರಿ ಹಳೇ ಡಬ್ಬಿ ತೆಗದೆ.
ಆ ಸೀಸ ಹಂಗೇ ಇತ್ತು, ಎಸೆಯೋದಾಗಿದ್ದಿಲ್ಲ.
ಕರಗಿಸಿ, ಹೊಸಾ ಅರ್ಧ ಕೇಜಿಯ ಬುಡಕ ಹೊಯ್ದೆ.
ಎಲ್ಲಾ ಹಿಡಿಸಲಿಲ್ಲ.
ಹಿಡಿಸಿದಷ್ಟರ ಮ್ಯಾಗ ಸಾಹೇಬರ ಪೆಟ್ಟು ಬಿತ್ತು,
ಕದ್ದ ಸೀಸಕ್ಕ ಸಿಂಹದ ಗುರುತು ಹತ್ತಿತು,
ತೂಕ ಖರೇ ಬಂತು, ಒಂದು ಗ್ರಾಮೂ ಹೆಚ್ಚು ಕಡಿಮಿ ಇಲ್ಲ.

ಮುಂದಿನ ಸಂತಿಗೆ ಪಿಂಟು ನಿಂತ.
ತೂಕ ಎತ್ತಿ, ಬುಡ ನೋಡಿ, ಚೀಲ ಬಿಚ್ಚಿದ.
ತಕ್ಕಡಿ ಮುಳ್ಳು ನೆಟ್ಟಗ ನಿಂತಿತು.
ಭಾಗಮ್ಮ ಆ ಮುಳ್ಳನ್ನ
ಪರಊರ ಬೀಗರನ್ನ ನೋಡಿದಂಗ ನೋಡಿದಳು.
ಆಮ್ಯಾಲ ಎರಡು ಗಡ್ಡಿ ಕೈಯಿಂದ ಎತ್ತಿ ಅವನ ಚೀಲಕ್ಕ ಹಾಕಿದಳು.
ಏ ಕ್ಯಾ, ಅಂದ ಹುಡುಗ.
'ಕಲ್ಲಿಂದು' ಅಂದಳು.
ಯಾವ ಕಾಯ್ದೆ ಕೇಳ್ತದ ಅದನ್ನ?
ಬ್ಯಾಡ ಅಂತಲೂ ಯಾವ ಕಾಯ್ದೆ ಅಂತದ?

ಐದು ಕೇಜಿ ಇನ್ನೂ ಸಾವಕಾರನ ಅಂಗಡ್ಯಾಗ ಅದ,
ಛಾಪ ಹೊಳೀತದ.
ಉಳಿದ ಸೀಸ ನನ್ನ ಡಬ್ಬ್ಯಾಗ.
ಸಾಹೇಬರ ನಂಬರ್ ಗ್ವಾಡಿ ಮ್ಯಾಗ ಖಡುವಿನಿಂದ ಬರದೀನಿ.
ದಿನಾ ಓದ್ತೀನಿ,
ಕೊನೀ ಅಂಕಿ ತನಕ.